ಬ್ಯಾಟರಿಗೆ ಹೊಟ್ಟೆ ಬಿರಿಯ ಬಡಿಸಬೇಡಿ ಮೇಷ್ಟ್ರೇ

ಏನ್ ಮೇಷ್ಟ್ರೇ, ಎಲೆಕ್ಟ್ರಿಕ್ ಸೈಕಲ್ ಹೇಗೆ ಓಡ್ತಿದೆ? ಬನ್ನಿ, ಈ ಮೂಲೆಗೆ ಬನ್ನಿ, ನಮ್ಮ ಸೀಬೆ ಮರದ ನೆರಳು ಕಾಂಪೌಂಡಿನ ಆ ಕಡೆಗೂ ಬೀಳುತ್ತೆ. ಕಾಫಿ ಆಯ್ತಾ? ಬೆಳಿಗ್ಗೆ ನಿಮ್ಮ ಮನೆಯವರು ಹೇಳ್ತಿದ್ರು, ರಾತ್ರಿ ಮಲಗೋ ಹೊತ್ತಿಗೆ ಬ್ಯಾಟರೀನ ಚಾರ್ಜಿಗೆ ಹಾಕ್ತಾರೆ, ಎದ್ದ ಮೇಲೆ ತೆಗೀತಾರೆ, ದಿನಾ ಫುಲ್ ಇರುತ್ತೆ ಅಂತ. ಅದನ್ನ ಕೇಳಿದಾಗಿನಿಂದ ನಿಮ್ಮನ್ನ ಹಿಡಿದು ಒಂದಿಷ್ಟು ಹೇಳಬೇಕು ಅಂತ ಕಾಯ್ತಿದ್ದೆ.

ಸರಸ್ವತಿಪುರಂನಿಂದ ದೇವರಾಜ ಮಾರ್ಕೆಟ್‌ಗೆ ಹೋಗಿ ತರಕಾರಿ ತರೋದಕ್ಕೆ ಇದಕ್ಕಿಂತ ಒಳ್ಳೇ ವಾಹನ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮೈಸೂರು ಮೊದಲಿಂದಲೂ ಸೈಕಲ್ ತುಳಿಯೋ ಊರು. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಎಷ್ಟೊಂದು ಜನ ಮತ್ತೆ ಹತ್ತಿದ್ರು ನೋಡಿದ್ರಲ್ಲ. ಮಂಡಿನೋವು, ಏರು, ಎದುರುಗಾಳಿ ಅಂತ ಸೈಕಲ್ ಬಿಟ್ಟವರೆಲ್ಲ ಈಗ ಮೋಟರಿನ ನೆಪದಲ್ಲಿ ವಾಪಸ್ ಬರ್ತಿದ್ದಾರೆ. ನನಗಂತೂ ಅದು ದೊಡ್ಡ ಸಂತೋಷ. ಅದಕ್ಕೇ, ಹೀಗೆ ಬಂದವರು ಎರಡು ವರ್ಷಕ್ಕೆ ‘ಬ್ಯಾಟರಿ ಹೋಯ್ತು, ಹೊಸದಕ್ಕೆ ತುಂಬಾ ದುಡ್ಡು’ ಅಂತ ಸೈಕಲ್ಲನ್ನ ಮಹಡಿ ಮೆಟ್ಟಿಲ ಕೆಳಗೆ ತಳ್ಳಿಬಿಡೋದು ನೋಡಿದ್ರೆ ಸಂಕಟ ಆಗುತ್ತೆ.

ನೀವು ಲೆಕ್ಕದ ಮೇಷ್ಟ್ರು, ಲೆಕ್ಕದಲ್ಲೇ ಹೇಳ್ತೀನಿ. ನಿಮ್ಮ ಬ್ಯಾಟರಿ ಮೇಲೆ 36 ವೋಲ್ಟ್, 10 ಆಂಪಿಯರ್ ಅವರ್ ಅಂತ ಇದೆ, ಅಲ್ವಾ? ಗುಣಿಸಿ. 360 ವ್ಯಾಟ್ ಅವರ್. ಸಾವಿರ ಆದ್ರೆ ಒಂದು ಯೂನಿಟ್ಟು. ಚಾರ್ಜರಿನಲ್ಲಿ ಬಿಸಿಯಾಗಿ ಹೋಗೋದನ್ನೂ ಸೇರಿಸಿ 0.42 ಯೂನಿಟ್ ಅಂತ ಇಟ್ಕೊಳ್ಳಿ. ಯೂನಿಟ್ಟಿಗೆ ಆರು ರೂಪಾಯಿ ಅಂದ್ರೂ ಎರಡೂವರೆ ರೂಪಾಯಿ. ಆ ಎರಡೂವರೆ ರೂಪಾಯಿಗೆ, ಕಾಲು ಸೇರಿಸಿ ತುಳಿದರೆ, 30 ಕಿಲೋಮೀಟರ್ ಧಾರಾಳವಾಗಿ ಹೋಗ್ತೀರಿ. ಕಿಲೋಮೀಟರಿಗೆ ಎಂಟು ಪೈಸೆ! ಗೃಹಜ್ಯೋತಿ ಯೋಜನೆಯ ಉಚಿತ ಮಿತಿಯೊಳಗೆ ಇದ್ದರೆ ಅದೂ ಬಿಲ್ಲಿನಲ್ಲಿ ಕಾಣೋದಿಲ್ಲ. ಎಲ್ಲರೂ ಈ ಲೆಕ್ಕವನ್ನ ಇಲ್ಲಿಗೇ ನಿಲ್ಲಿಸ್ತಾರೆ. ಮುಂದಿನ ಸಾಲನ್ನ ಬರೆಯೋದೇ ಇಲ್ಲ.

ಬ್ಯಾಟರಿಗೆ 15,000 ರೂಪಾಯಿ ಅಂತ ಹಿಡಿಯಿರಿ. ಕಂಪನಿಯವರು ಸಾಮಾನ್ಯವಾಗಿ ಹೇಳೋ ಹಾಗೆ 500 ಸಲ ಪೂರ್ತಿ ತುಂಬಿಸಿ ಖಾಲಿ ಮಾಡಬಹುದು ಅಂತ ಇಟ್ಕೊಂಡರೆ, 500 ಇಂಟು 30, 15,000 ಕಿಲೋಮೀಟರ್. ಅಂದ್ರೆ ಪ್ರತಿ ಕಿಲೋಮೀಟರಿಗೂ ಒಂದು ರೂಪಾಯಿ ಬ್ಯಾಟರಿ ಸವೀತಿದೆ. ಕರೆಂಟಿನದು ಎಂಟು ಪೈಸೆ, ಬ್ಯಾಟರಿಯದು ನೂರು ಪೈಸೆ. ಸ್ವಿಚ್ ಆರಿಸಿ ಕರೆಂಟ್ ಉಳಿಸೋದರಲ್ಲಿ ಏನೂ ಸಿಗೋದಿಲ್ಲ. ಬ್ಯಾಟರಿಯ ಆಯುಸ್ಸು ಒಂದೂವರೆ ಪಟ್ಟು ಮಾಡಿಕೊಂಡರೆ ಮಾತ್ರ ನಿಜವಾದ ಉಳಿತಾಯ. ಅದು ನಮ್ಮ ಕೈಯಲ್ಲೇ ಇದೆ, ನಾವು ಅದನ್ನ ಹೇಗೆ ಇಟ್ಕೊಳ್ತೀವಿ ಅನ್ನೋದರಲ್ಲಿ ಇದೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸರ್ವಿಸ್ ಮಾಡಿದವನು, ನಿಮಗೆ ಗೊತ್ತೇ ಇದೆ. ಅಲ್ಲಿ ಬ್ಯಾಟರಿ ರೂಮ್ ಅಂತಲೇ ಒಂದು ಕೋಣೆ. ಎರಡೆರಡು ವೋಲ್ಟಿನ 24 ಸೀಸದ ಸೆಲ್‌ಗಳು ಸಾಲಾಗಿ, ಒಟ್ಟು 48 ವೋಲ್ಟು. ಊರೆಲ್ಲ ಕರೆಂಟು ಹೋದರೂ ಟೆಲಿಫೋನ್ ಮಾತ್ರ ಮಾತಾಡ್ತಿದ್ದದ್ದು ಆ ಸಾಲಿನ ಬಲದಿಂದ. ಹೈಡ್ರೋಮೀಟರ್ ಅದ್ದಿ ಆಸಿಡ್ಡಿನ ಸಾಂದ್ರತೆ ನೋಡೋದು, ಡಿಸ್ಟಿಲ್ಡ್ ವಾಟರ್ ಹಾಕೋದು, ರಿಜಿಸ್ಟರಿನಲ್ಲಿ ಬರೆಯೋದು. ಆ ಬ್ಯಾಟರಿಗಳನ್ನ ಹಗಲೂ ರಾತ್ರಿ ಚಾರ್ಜಿನಲ್ಲೇ ಇಡಬೇಕಿತ್ತು. ಸೀಸದ ಬ್ಯಾಟರಿ ಖಾಲಿಯಾಗಿ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಕಟ್ಟಿ ಗಟ್ಟಿಯಾಗುತ್ತೆ, ಆಮೇಲೆ ಕರಗೋದಿಲ್ಲ. ನಿಮ್ಮ ಹಜಾರದಲ್ಲಿರೋ ಯುಪಿಎಸ್ ಬ್ಯಾಟರಿ ಕೂಡ ಅದೇ ಜಾತಿ. ಅದಕ್ಕೆ ಸದಾ ತುಂಬಿರೋದೇ ಆರೋಗ್ಯ.

ಇನ್ನೊಂದು ಕಡೆ, ‘ಬ್ಯಾಟರೀನ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು’ ಅನ್ನೋ ಮಾತು. ನಿಮ್ಮ ತಮ್ಮನವರು ಹೇಳಿದ್ರು ಅಂದ್ರಲ್ಲ, ಅದು ನಿಕಲ್ ಕ್ಯಾಡ್ಮಿಯಂ ಕಾಲದ್ದು. ಕಾರ್ಡ್‌ಲೆಸ್ ಫೋನು, ಷೇವಿಂಗ್ ಮಷೀನು, ಮೊದಮೊದಲ ಮೊಬೈಲುಗಳಲ್ಲಿ ಅದಿತ್ತು. ಅರ್ಧಂಬರ್ಧ ಬಳಸಿ ಮತ್ತೆ ಮತ್ತೆ ತುಂಬಿಸಿದರೆ ಅದರ ಶಕ್ತಿ ಕುಗ್ಗಿದ ಹಾಗೆ ಆಗ್ತಿತ್ತು. ಆ ಕಾಲಕ್ಕೆ ಅದು ಒಳ್ಳೇ ಸಲಹೆಯೇ. ಈಗ ನಿಮ್ಮ ಸೈಕಲ್ಲಿನಲ್ಲಿರೋದು ಲಿಥಿಯಂ. ಇದಕ್ಕೆ ಯುಪಿಎಸ್ಸಿನ ಅಭ್ಯಾಸವೂ ಸಲ್ಲ, ಹಳೇ ಮೊಬೈಲಿನ ಅಭ್ಯಾಸವೂ ಸಲ್ಲ. ಸದಾ ತುಂಬಿಡೋದೂ ಬೇಡ, ಪೂರ್ತಿ ಖಾಲಿ ಮಾಡೋದೂ ಬೇಡ.

ಯಾಕೆ ಅಂತೀರಾ? ಒಳಗೆ ಎರಡು ಪದರ. ಒಂದು ಕಡೆ ಗ್ರಾಫೈಟು, ಇನ್ನೊಂದು ಕಡೆ ಲೋಹದ ಆಕ್ಸೈಡು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳ ಸಂದಿಯಲ್ಲಿ ಕೂರ್ತವೆ. ಸೈಕಲ್ ಓಡುವಾಗ ವಾಪಸ್ ಹೋಗ್ತವೆ. ನೂರಕ್ಕೆ ನೂರು ತುಂಬಿದಾಗ ಒಂದೊಂದು ಸೆಲ್ಲೂ 4.2 ವೋಲ್ಟಿಗೆ ಏರಿರುತ್ತೆ. ಆ ಎತ್ತರದ ವೋಲ್ಟೇಜಿನಲ್ಲಿ ಒಳಗಿನ ದ್ರಾವಣ ಸ್ವಲ್ಪ ಸ್ವಲ್ಪವೇ ಕೆಡುತ್ತೆ, ಪದರಗಳ ಮೇಲೆ ಪೊರೆ ಬೆಳೆಯುತ್ತೆ. ಆ ಪೊರೆಯಲ್ಲಿ ಸಿಕ್ಕಿಹಾಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರೋದಿಲ್ಲ. ಬಿಸಿ ಸೇರಿದರೆ ಈ ಕೆಲಸ ಇನ್ನೂ ಜೋರು. ಹೊಟ್ಟೆ ಬಿರಿಯ ಉಂಡವರನ್ನ ನಡುಮಧ್ಯಾಹ್ನದ ಬಿಸಿಲಲ್ಲಿ ಕೂರಿಸಿದ ಹಾಗೆ ಅದು. ತುಂಬಿರೋದು ಒಂದು ಕಷ್ಟ, ಬಿಸಿ ಇನ್ನೊಂದು ಕಷ್ಟ, ಎರಡೂ ಒಟ್ಟಿಗೆ ಬಂದರೆ ಬ್ಯಾಟರಿಯ ಆಯುಸ್ಸು ಅಲ್ಲೇ ಸೋರಿಹೋಗುತ್ತೆ. ನೀವು ನಿಲ್ಲಿಸೋದು ತಗಡಿನ ಶೀಟಿನ ಕೆಳಗೆ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಕೈ ಇಡೋಕೆ ಆಗೋದಿಲ್ಲ. ಸೈಕಲ್ ಅಲ್ಲೇ ಇರಲಿ ಬೇಕಾದ್ರೆ, ಬ್ಯಾಟರೀನ ಮಾತ್ರ ಕೀ ತಿರುಗಿಸಿ ತೆಗೆದು ಒಳಗೆ ತನ್ನಿ. ನಿಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಎಷ್ಟು ತಣ್ಣಗಿದೆ! ಅದಕ್ಕಿಂತ ಒಳ್ಳೇ ಜಾಗ ಬೇಕಾ?

ಈ ಲಿಥಿಯಂ ಕಥೆ ನನಗೆ ಬಹಳ ಇಷ್ಟ, ಒಂದು ನಿಮಿಷ ಕೇಳಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಶುರು ಮಾಡಿದ್ರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಅವರು ಕೋಬಾಲ್ಟ್ ಆಕ್ಸೈಡ್ ಹಿಡಿದು ವೋಲ್ಟೇಜು ಏರಿಸಿದ್ರು. ಜಪಾನಿನ ಅಕಿರಾ ಯೋಶಿನೊ ಅದನ್ನ ಕೈಯಲ್ಲಿ ಹಿಡಿದು ಓಡಾಡೋ ಹಾಗೆ ಮಾಡಿದ್ರು. 1991ರಲ್ಲಿ ಸೋನಿ ಅಂಗಡಿಗೆ ತಂತು. ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ, ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅದಕ್ಕೂ ಮೊದಲು, 1997ರಲ್ಲಿ, ಅವರ ಪ್ರಯೋಗಾಲಯದಿಂದ ಕಬ್ಬಿಣದ ಫಾಸ್ಫೇಟ್ ಬ್ಯಾಟರಿಯ ಪ್ರಬಂಧ ಬಂತು. ಅದರಲ್ಲಿ ಗುಡ್‌ಇನಫ್ ಜೊತೆಗೆ ಪಾಧಿ, ನಂಜುಂಡಸ್ವಾಮಿ ಅಂತ ಇಬ್ಬರ ಹೆಸರಿದೆ. ಅದನ್ನ ಓದಿದಾಗ ನನಗೆ ಎದೆ ತುಂಬಿ ಬಂತು. ಕಬ್ಬಿಣದ ಫಾಸ್ಫೇಟಿನ ಬ್ಯಾಟರಿ ತೂಕ ಸ್ವಲ್ಪ ಜಾಸ್ತಿ, ಆದರೆ ಬೆಂಕಿಗೆ ಅಷ್ಟು ಸುಲಭವಾಗಿ ಬಗ್ಗೋದಿಲ್ಲ, ಬಾಳಿಕೆಯೂ ಹೆಚ್ಚು. ಕೆಲವು ಸೈಕಲ್ಲುಗಳಲ್ಲಿ ಅದೇ ಬರುತ್ತೆ. ನಿಮ್ಮದು ಯಾವುದು ಅಂತ ಬ್ಯಾಟರಿ ಮೇಲಿನ ಸ್ಟಿಕ್ಕರ್ ನೋಡಿದರೆ ತಿಳಿಯುತ್ತೆ. ಅದು ಗೊತ್ತಿರಲೇಬೇಕು, ಯಾಕೆ ಅಂತ ಆಮೇಲೆ ಹೇಳ್ತೀನಿ.

ಹಾಗಾದ್ರೆ ಎಷ್ಟು ತುಂಬಿಸಬೇಕು? ದಿನಾ ಮಾರ್ಕೆಟ್ಟು, ಬ್ಯಾಂಕು, ಕುಕ್ಕರಹಳ್ಳಿ ಕೆರೆಯ ವಾಕಿಂಗು, ಇಷ್ಟಕ್ಕೆ ನೂರು ಬೇಕಾಗಿಲ್ಲ, ಎಂಬತ್ತು ಸಾಕು. ಇಪ್ಪತ್ತು, ಮೂವತ್ತಕ್ಕೆ ಇಳಿದಾಗ ಹಾಕಿ. ನಿಮ್ಮ ಚಾರ್ಜರಿಗೆ ಎಂಬತ್ತಕ್ಕೆ ನಿಲ್ಲೋದು ಗೊತ್ತಿಲ್ಲ, ಅದು ತುಂಬೋವರೆಗೂ ಬಿಡೋದಿಲ್ಲ. ಅದಕ್ಕೆ ಗಡಿಯಾರವೇ ಉಪಾಯ. ಚಾರ್ಜರು ಗಂಟೆಗೆ 2 ಆಂಪಿಯರ್ ಅವರ್ ತುಂಬಿಸುತ್ತೆ. ಮೂವತ್ತರಿಂದ ಎಂಬತ್ತಕ್ಕೆ ಐದು ಆಂಪಿಯರ್ ಅವರ್ ಬೇಕು, ಅಂದ್ರೆ ಎರಡೂವರೆ ಗಂಟೆ. ಬೆಳಿಗ್ಗೆ ಪೂಜೆ, ತಿಂಡಿ, ಪೇಪರು ಮುಗಿಯೋದರೊಳಗೆ ಆಗಿಹೋಗುತ್ತೆ. ಅರ್ಧ ತುಂಬಿಸಿದರೆ ಅರ್ಧ ಸಲ ಅಂತಲೇ ಲೆಕ್ಕ, ಪ್ಲಗ್ ಹಾಕಿದಾಗಲೆಲ್ಲ ಆ ಐನೂರರಲ್ಲಿ ಒಂದು ಕಳೆದುಹೋಗುತ್ತೆ ಅಂತ ಹೆದರಬೇಡಿ.

ಆದ್ರೆ ತಿಂಗಳಿಗೊಮ್ಮೆ ಪೂರ್ತಿ ತುಂಬಲಿ. ಒಳಗೆ ಹತ್ತು ಸಾಲು ಸೆಲ್‌ಗಳಿವೆ. ಬೆರಳುದ್ದದ ಸಿಲಿಂಡರುಗಳು, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದು ಸಾಲು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ ಆಗ್ತಾ ಹೋಗುತ್ತೆ. ಅವನ್ನೆಲ್ಲ ಸಮ ಮಾಡೋದಕ್ಕೆ ಬಿಎಂಎಸ್ ಅಂತ ಒಂದು ಸಣ್ಣ ಸರ್ಕಿಟ್ ಬೋರ್ಡು ಕೂತಿದೆ. ಸಾಮಾನ್ಯವಾಗಿ ಅದು ಸಮ ಮಾಡೋ ಕೆಲಸಕ್ಕೆ ಕೈ ಹಾಕೋದು ಬ್ಯಾಟರಿ ತುಂಬೋ ಹೊತ್ತಿಗೆ. ಅದಕ್ಕೇ ಆ ದಿನ ಹಸಿರು ದೀಪ ಬಂದ ಮೇಲೂ ಅರ್ಧ ಗಂಟೆ ಬಿಟ್ಟು ತೆಗೀರಿ. ದೂರ ಹೋಗೋ ದಿನಕ್ಕೇ ಅದನ್ನ ಹೊಂದಿಸಿಕೊಂಡ್ರೆ, ತುಂಬಿದ ಬ್ಯಾಟರಿ ಸುಮ್ಮನೆ ಕೂರೋದಿಲ್ಲ, ತಕ್ಷಣ ಕೆಲಸಕ್ಕೆ ಹೋಗುತ್ತೆ.

ರಾತ್ರಿ ಮಾತ್ರ ಬೇಡ ಮೇಷ್ಟ್ರೇ. ಇದೊಂದನ್ನ ಕೈ ಮುಗಿದು ಹೇಳ್ತೀನಿ. ಎಲ್ಲರೂ ಎಚ್ಚರ ಇರೋವಾಗ, ಕಣ್ಣಿಗೆ ಕಾಣೋ ಕಡೆ ಹಾಕಿ. ಮಂಚ, ಸೋಫಾ, ಪರದೆ, ಪೇಪರ್ ಕಟ್ಟು ಇವುಗಳ ಹತ್ತಿರ ಬೇಡ. ಮುಂಬಾಗಿಲಿನ ದಾರಿಯಲ್ಲೂ ಬೇಡ, ಏನಾದ್ರೂ ಆದ್ರೆ ಹೊರಗೆ ಬರೋ ದಾರಿ ಅದೇ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣವೂ ಹಾಕಬೇಡಿ, ಅರ್ಧ ಗಂಟೆ ಆರಲಿ. ನಿಮ್ಮ ಮಗಳು ನ್ಯೂಜೆರ್ಸಿಯಿಂದ ಫೋನ್ ಮಾಡಿ ಗಾಬರಿಯಾದಳು ಅಂದ್ರಲ್ಲ, ಅವಳ ಗಾಬರಿಗೆ ಕಾರಣ ಇದೆ. ಅಲ್ಲಿಂದ ನದಿ ದಾಟಿದರೆ ನ್ಯೂಯಾರ್ಕ್. ಆ ನಗರದಲ್ಲಿ 2023ರ ಒಂದೇ ವರ್ಷದಲ್ಲಿ ಲಿಥಿಯಂ ಬ್ಯಾಟರಿಯ ಬೆಂಕಿಗೆ 18 ಜನ ಸತ್ತರು. ಅಲ್ಲಿ ಊಟ ತಲುಪಿಸೋ ಹುಡುಗರು ಇಂಥ ಸೈಕಲ್ಲಿನ ಮೇಲೇ ಜೀವನ ಮಾಡ್ತಾರೆ. ಕಡಿಮೆ ಬೆಲೆಗೆ ಸಿಗೋ ಬ್ಯಾಟರಿ, ಬಿಚ್ಚಿ ಜೋಡಿಸಿದ ಬ್ಯಾಟರಿ, ಯಾವುದೋ ಚಾರ್ಜರು, ಎಲ್ಲ ಸೇರಿ ಮಲಗಿದವರ ಮೇಲೆ ಬಂತು. ಆ ವರ್ಷದ ಸೆಪ್ಟೆಂಬರಿನಿಂದ ಅಲ್ಲಿ ಸುರಕ್ಷತಾ ಪ್ರಮಾಣಪತ್ರ ಇಲ್ಲದ ಸೈಕಲ್ಲು, ಬ್ಯಾಟರಿ ಮಾರೋ ಹಾಗಿಲ್ಲ ಅಂತ ಕಾನೂನು ಬಂತು. ಒಳ್ಳೇ ಬ್ಯಾಟರಿ, ಅದರದ್ದೇ ಚಾರ್ಜರು, ಎಚ್ಚರದ ಕಣ್ಣು, ಇವಿಷ್ಟಿದ್ದರೆ ಭಯ ಇಟ್ಕೊಳ್ಳೋ ಕಾರಣ ಇಲ್ಲ ಅಂತ ಅವಳಿಗೆ ಹೇಳಿ. ಉಬ್ಬಿದ್ದು ಕಂಡರೆ, ಥಿನ್ನರಿನಂಥ ವಾಸನೆ ಬಂದರೆ, ಚಾರ್ಜಿಗೆ ಹಾಕಿದಾಗ ಕೈ ಸುಡೋಷ್ಟು ಬಿಸಿಯಾದರೆ ಮಾತ್ರ ಮತ್ತೆ ಅದನ್ನ ಚಾರ್ಜಿಗೆ ಹಾಕಲೇಬೇಡಿ. ಹೊಗೆ ಬಂದರೆ ಎಲ್ಲರೂ ಹೊರಗೆ ಬಂದು 101ಕ್ಕೆ ಫೋನ್ ಮಾಡೋದು, ಬೇರೆ ಸಾಹಸ ಬೇಡ.

ಹೌದು, ನೀವು ಮಗಳ ಮನೆಗೆ ಆರು ತಿಂಗಳು ಹೋಗ್ತೀರಲ್ಲ! ಬಹಳ ಬ್ಯಾಟರಿಗಳು ಸಾಯೋದು ಓಡಿಸಿ ಅಲ್ಲ, ಮರೆತು. ಕೊನೇ ದಿನ ಓಡಾಡಿ, ಖಾಲಿಯಾದದ್ದನ್ನ ಹಾಗೇ ಬಿಟ್ಟು ವಿಮಾನ ಹತ್ತಿದರೆ, ಸುಮ್ಮನಿದ್ದರೂ ಅದು ಇಳೀತಾ ಹೋಗುತ್ತೆ. ಬಿಎಂಎಸ್ಸೂ ಚೂರುಪಾರು ಕುಡೀತಾ ಇರುತ್ತೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದ ಸೆಲ್‌ನೊಳಗೆ ತಾಮ್ರ ಕರಗೋಕೆ ಶುರುವಾಗುತ್ತೆ, ಆಮೇಲೆ ಅದನ್ನ ಎಬ್ಬಿಸಿ ಚಾರ್ಜ್ ಮಾಡೋದೇ ಅಪಾಯ. ತುಂಬಿಸಿಟ್ಟು ಹೋಗೋದೂ ತಪ್ಪು, ಈಗ ಹೇಳಿದ್ನಲ್ಲ. ಅರ್ಧಕ್ಕೆ ತನ್ನಿ, ಸೈಕಲ್ಲಿನಿಂದ ಬಿಚ್ಚಿ, ಒಳಗಿನ ಕೋಣೆಯಲ್ಲಿಡಿ. ಕೀ ನನಗೆ ಕೊಟ್ಟು ಹೋಗಿ. ಎರಡು ತಿಂಗಳಿಗೊಮ್ಮೆ ದೀಪ ನೋಡಿ, ಇಳಿದಿದ್ದರೆ ಒಂದು ಗಂಟೆ ಹಾಕಿ ತೆಗೀತೀನಿ. ಅದರ ಚಿಂತೆ ಬಿಡಿ.

ಓಡಿಸೋದರಲ್ಲೂ ಉಳಿತಾಯ ಇದೆ. ಎಲ್ಲಕ್ಕಿಂತ ಮೊದಲು ಗಾಳಿ. ಟಯರಿನ ಪಕ್ಕದಲ್ಲೇ ಎಷ್ಟು ಪಿಎಸ್ಐ ಅಂತ ಅಚ್ಚಾಗಿರುತ್ತೆ, ವಾರಕ್ಕೊಮ್ಮೆ ಹೊಡೀರಿ. ಗಾಳಿ ಕಮ್ಮಿಯಾದರೆ ಕಾಲಿಗೆ ಗೊತ್ತಾಗೋದಿಲ್ಲ, ಮೋಟರು ಎಳೆದುಬಿಡುತ್ತೆ. ನಷ್ಟ ಗೊತ್ತಾಗೋದು ಬ್ಯಾಟರಿಗೆ. ಇನ್ನೊಂದು, ನಿಮ್ಮ ಸೈಕಲ್ಲಿನಲ್ಲಿ ಪೆಡಲಿನ ಹತ್ತಿರ ಅಯಸ್ಕಾಂತದ ಚಕ್ರ ಇದೆ ನೋಡಿ. ಕಾಲು ತಿರುಗ್ತಿದೆ ಅಂತ ಕಂಡರೆ ಸಾಕು, ಅದು ಮೋಟರಿಗೆ ಹೇಳಿಬಿಡುತ್ತೆ. ನೀವು ಬಲ ಹಾಕ್ತಿದ್ದೀರೋ ಇಲ್ಲವೋ ಅದಕ್ಕೆ ತಿಳಿಯೋದಿಲ್ಲ. ಸರ್ಕಲ್ಲಿನಲ್ಲಿ ನಿಂತಿರೋವಾಗ ಅಭ್ಯಾಸಬಲದಿಂದ ಪೆಡಲ್ ತಿರುಗಿಸಬೇಡಿ, ಬ್ರೇಕಿನ ಮೇಲೆ ಬೆರಳಿರಲಿ. ಬ್ರೇಕ್ ಹಿಡಿದರೆ ಮೋಟರಿನ ಕರೆಂಟು ಕಟ್ ಆಗುತ್ತೆ. ಓಡುವಾಗ ಮಾತ್ರ ನಿಜವಾಗಿ ತುಳೀರಿ. ಸಮ ರಸ್ತೆಯಲ್ಲಿ 20ರ ವೇಗಕ್ಕೆ ನೂರು ವ್ಯಾಟಿನ ಆಸುಪಾಸು ಸಾಕು, ಅದರಲ್ಲಿ ಅರ್ಧ ನಿಮ್ಮ ಕಾಲಿನಿಂದ ಬಂದರೆ ಬ್ಯಾಟರಿ ಎರಡು ಪಟ್ಟು ದೂರ ಹೋಗುತ್ತೆ.

ಚಾಮುಂಡಿ ಬೆಟ್ಟಕ್ಕೆ ಹೋಗಬಹುದಾ ಅಂದ್ರಿ. ಧಾರಾಳವಾಗಿ. ಊರಿನಿಂದ ಸುಮಾರು 300 ಮೀಟರ್ ಎತ್ತರ. ನೀವು 70 ಕಿಲೋ, ಸೈಕಲ್ 25. ಅಷ್ಟನ್ನು ಅಷ್ಟು ಮೇಲಕ್ಕೆ ಎತ್ತೋದಕ್ಕೆ 78 ವ್ಯಾಟ್ ಅವರ್ ಬೇಕು, ನೀವೇ ಲೆಕ್ಕ ಹಾಕಿ ನೋಡಿ. ಮೋಟರಿನ ನಷ್ಟ, ರಸ್ತೆಯ ತಿಕ್ಕಾಟ ಎಲ್ಲ ಸೇರಿದರೆ ಬ್ಯಾಟರಿಯ ಮೂರನೇ ಒಂದು ಭಾಗದ ಹತ್ತಿರ. ಆದರೆ ನಿಮ್ಮ ಮೋಟರು ಹಿಂದಿನ ಚಕ್ರದ ನಡುವಿನಲ್ಲಿರೋದು, ಗೇರು ಬದಲಾಯಿಸಿದರೆ ನಿಮ್ಮ ಕಾಲಿಗೆ ಹಗುರ, ಮೋಟರಿಗಲ್ಲ. ನಿಧಾನಕ್ಕೆ ತೆವಳ್ತಾ ಏರಿದರೆ ಕರೆಂಟೆಲ್ಲ ಬಿಸಿಯಾಗಿ ಹೋಗುತ್ತೆ. ಸಣ್ಣ ಗೇರಿನಲ್ಲಿ ಚುರುಕಾಗಿ ತುಳೀತಾ ಹೋಗಿ, ನಂದಿಯ ಹತ್ತಿರ ತಿರುಗಿ ನಿಂತು ಮೋಟರನ್ನ ಸ್ವಲ್ಪ ಆರಲು ಬಿಡಿ. ಏರಿನಲ್ಲಿ ಡಿಸ್‌ಪ್ಲೇಯ ಗೀಟು ಸಟ್ಟನೆ ಎರಡು ಇಳಿಯುತ್ತೆ, ಮೇಲೆ ಹೋದ ಮೇಲೆ ಮತ್ತೆ ಬರುತ್ತೆ. ಅದು ಕೆಟ್ಟಿದೆ ಅಂತಲ್ಲ, ಭಾರಕ್ಕೆ ವೋಲ್ಟೇಜು ತಗ್ಗೋದು ಅಷ್ಟೆ. ಇಳಿಯುವಾಗ ಚಾರ್ಜ್ ಆಗುತ್ತೆ ಅಂತ ಮಾತ್ರ ಕಾಯಬೇಡಿ. ಇಂಥ ಮೋಟರುಗಳಲ್ಲಿ ಒಳಗೆ ಫ್ರೀವೀಲ್ ಇರುತ್ತೆ, ಇಳಿಜಾರಿನಲ್ಲಿ ಚಕ್ರ ಬಿಡುವಾಗಿ ತಿರುಗುತ್ತೆ, ಮೋಟರು ಸುಮ್ಮನಿರುತ್ತೆ. ಇಳಿಯುವಾಗ ನೋಡಬೇಕಾದ್ದು ಬ್ರೇಕು, ಹೊರಡೋ ಮುಂಚೆ ಪ್ಯಾಡ್ ಸವೆದಿದೆಯಾ ನೋಡಿ.

ನಿಮ್ಮ ಮೊಮ್ಮಗ ಅದೇನೋ ಲಾಕ್ ತೆಗೆಸಿ 40ಕ್ಕೆ ಓಡಿಸೋಣ ತಾತ ಅಂತಿದ್ದ, ಕೇಳಿಸ್ತು. ಬೇಡ ಅಂತ ಹೇಳಿ. ಮೋಟರು 250 ವ್ಯಾಟಿನೊಳಗೆ, ವೇಗ 25ರೊಳಗೆ ಇರೋದರಿಂದಲೇ ಇದಕ್ಕೆ ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಮಿತಿ ಮೀರಿದರೆ ಅದು ಕಾನೂನಿನ ಪ್ರಕಾರ ಮೋಟಾರು ವಾಹನ, ಇನ್ಶೂರೆನ್ಸ್ ಇಲ್ಲದೆ ಬೀದಿಯಲ್ಲಿ ಓಡೋ ಮೋಟಾರು ವಾಹನ. ಗಾಳಿಯ ಲೆಕ್ಕ ಬೇರೆ ಇದೆ. 25ರಿಂದ 40ಕ್ಕೆ ಹೋದರೆ ಅದೇ ಕಿಲೋಮೀಟರಿಗೆ ಗಾಳಿಯನ್ನ ಸೀಳೋದಕ್ಕೇ ಎರಡೂವರೆ ಪಟ್ಟು ಖರ್ಚು. ಸೈಕಲ್ಲಿನ ಬ್ರೇಕು, ಫೋರ್ಕು ಯಾವುದನ್ನೂ ಆ ವೇಗಕ್ಕೆ ಮಾಡಿಲ್ಲ. ಹೆಲ್ಮೆಟ್ಟು ಕಡ್ಡಾಯ ಇಲ್ಲದಿದ್ದರೂ ಹಾಕ್ಕೊಳ್ಳಿ. ನಿಮ್ಮ ವಯಸ್ಸಿಗೂ ಬೇಕು, ಅವನ ವಯಸ್ಸಿಗೂ ಬೇಕು.

ಮಳೆಯಲ್ಲಿ ಓಡಿಸಬಹುದು, ನಿಂತ ನೀರಲ್ಲಿ ಇಳಿಸಬೇಡಿ. ವಾಟರ್ ಸರ್ವಿಸ್ ಅಂಗಡಿಯಲ್ಲಿ ರಭಸದ ನೀರು ಹೊಡೆಸೋದು ಬೇಡವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚಾರ್ಜಿಂಗ್ ಪಾಯಿಂಟಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿರಲಿ.

ಯಾವತ್ತಾದರೂ ಬ್ಯಾಟರಿ ಮುಗಿಯುತ್ತೆ, ಎಷ್ಟೇ ಜೋಪಾನ ಮಾಡಿದರೂ. ಆಗ ‘ಒಳಗಿನ ನಾಲ್ಕು ಸೆಲ್ ಬದಲಾಯಿಸಿಕೊಡ್ತೀವಿ’ ಅನ್ನೋರು ಸಿಗ್ತಾರೆ. ಹೊಸ ಸೆಲ್ಲು, ಹಳೇ ಸೆಲ್ಲು ಒಂದೇ ಸಾಲಿನಲ್ಲಿ ಕೂತರೆ ಹಳೇದು ಮೊದಲು ಖಾಲಿಯಾಗಿ ನರಳುತ್ತೆ, ಬಿಸಿಯಾಗುತ್ತೆ. ನ್ಯೂಯಾರ್ಕಿನ ಕಥೆ ಹೇಳಿದ್ನಲ್ಲ. ಪೂರ್ತಿ ಬ್ಯಾಟರಿಯನ್ನೇ ಬದಲಾಯಿಸಿ. ಹಳೇದನ್ನ ಗುಜರಿಯವನಿಗೆ ಹಾಕಬೇಡಿ, ಕಸದ ಗಾಡಿಗೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನ ವಾಪಸ್ ಸಂಗ್ರಹಿಸೋ ಜವಾಬ್ದಾರಿ ತಯಾರಿಸಿದವರದ್ದು. ಹೊಸದು ಕೊಳ್ಳುವಾಗ ಹಳೇದನ್ನ ಅಲ್ಲೇ ಕೊಟ್ಟು ಬನ್ನಿ, ಒಳಗಿರೋ ಕೋಬಾಲ್ಟು, ನಿಕಲ್ಲು, ತಾಮ್ರ ಮತ್ತೆ ಬಳಕೆಗೆ ಬರಲಿ.

ಅಂದ ಹಾಗೆ, ನಿಮ್ಮ ಚಾರ್ಜರು. ಆ ದಿನ ನಿಮ್ಮ ತಮ್ಮನ ಮನೆಯ ಸೈಕಲ್ಲಿನ ಚಾರ್ಜರಿಗೂ ಇದೇ ಪಿನ್ನು, ಕೂರುತ್ತೆ ಅಂದ್ರಿ. ಪಿನ್ ಕೂತ ಮಾತ್ರಕ್ಕೆ ಹಾಕಬಾರದು. ಸಾಮಾನ್ಯ ಲಿಥಿಯಂ ಅಯಾನಿನ ಹತ್ತು ಸೆಲ್ಲಿಗೆ, 4.2 ಇಂಟು 10, 42 ವೋಲ್ಟಿನ ಚಾರ್ಜರ್. ಕಬ್ಬಿಣದ ಫಾಸ್ಫೇಟಿನದು ಹನ್ನೆರಡು ಸೆಲ್ ಇದ್ದರೆ, 3.65 ಇಂಟು 12, 43.8 ವೋಲ್ಟು. ಎರಡಕ್ಕೂ ಅಂಗಡಿಯವರು 36 ವೋಲ್ಟಿನ ಬ್ಯಾಟರಿ ಅಂತಲೇ ಅಂತಾರೆ. ಫಾಸ್ಫೇಟಿನ ಚಾರ್ಜರನ್ನ ಸಾಮಾನ್ಯ ಲಿಥಿಯಂ ಬ್ಯಾಟರಿಗೆ ಹಾಕಿದರೆ ಒಂದೊಂದು ಸೆಲ್ಲೂ ಮಿತಿ ದಾಟುತ್ತೆ, ಆಗ ಕಾಪಾಡೋದಕ್ಕೆ ಇರೋದು ಆ ಪುಟ್ಟ ಬೋರ್ಡ್ ಒಂದೇ. ಅದನ್ನೇ ನಂಬಿ ಕೂರೋದು ಬೇಡ. ಚಾರ್ಜರು ಈಗ ಎಲ್ಲಿದೆ, ಹಜಾರದಲ್ಲಾ? ಸ್ವಲ್ಪ ತಗೊಂಡ್ ಬನ್ನಿ, ಕನ್ನಡಕವನ್ನೂ ತನ್ನಿ, ಹಿಂಭಾಗದಲ್ಲಿ ಔಟ್‌ಪುಟ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ, ಇಬ್ಬರೂ ಸೇರಿ ಓದೋಣ.